ಲಾಸ್ಟ್ ನೇಮ್ ಜಾಗದಲ್ಲಿ ಅಪ್ಪ

"ಈ ಐಸಾಕ್ ಮನೆತನ ಎಲ್ಲಿಯದೋ, ಇನ್ನು ಹುಡುಕಲಾರೆ" ಎಂದು ಲೊರೆಟ್ಟಾ ಆಂಟಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಜನಗಣತಿಯ ಹಳೆಯ ಪ್ರತಿಯನ್ನು ಮಡಚಿಟ್ಟರು.

ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಅವರ ಮುತ್ತಜ್ಜಿ ಹ್ಯಾನಾ ಹುಟ್ಟಿದ್ದು ಗುಲಾಮಗಿರಿಯಲ್ಲಿ. ಬಿಡುಗಡೆಯ ನಂತರದ ಆ ಪ್ರತಿಯಲ್ಲಿ ಅವಳ ಹೆಸರು 'ಹ್ಯಾನಾ ಐಸಾಕ್' ಎಂದಿತ್ತು. ಆದರೆ ಆ ಊರಿನಲ್ಲಿ ಐಸಾಕ್ ಎಂಬ ಮನೆತನವೇ ಇರಲಿಲ್ಲ.

ಕಾಫಿ ಕೊಡುತ್ತಾ ಇಣುಕಿದ ನಾನು ಗಂಡನಿಗೆ ಹೇಳಿದೆ: "ನನ್ನ ಪಾಸ್‌ಪೋರ್ಟ್ ಥರಾನೇ ಇದೆ ಕಣ್ರೀ. ಲಾಸ್ಟ್ ನೇಮ್ ಜಾಗದಲ್ಲಿ ಅಪ್ಪನ ಹೆಸರು ಇರ್ಬೇಕು."

ಅವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಆಂಟಿ ಮಡಚಿದ ಹಾಳೆಯನ್ನು ಮತ್ತೆ ಬಿಡಿಸಿದರು.

ನಮಗೆ ಮನೆತನದ ಹೆಸರಿಲ್ಲ. ಪಾಸ್‌ಪೋರ್ಟ್ ಅರ್ಜಿಯ ಆ ಜಾಗಕ್ಕೆ ಅಪ್ಪನ ಹೆಸರು ತುಂಬಿದ್ದರಿಂದ ಇಲ್ಲಿ ನಾನೇ ನಂಜುಂಡಪ್ಪ. ಹಾಗೆ ಕರೆದಾಗಲೆಲ್ಲ ಮುಜುಗರಪಟ್ಟು ತಿದ್ದುತ್ತಿದ್ದೆ.

ಎರಡು ವಾರದ ಮೇಲೆ ಆಂಟಿ ಬಂದು ನನ್ನ ಕೈ ಹಿಡಿದುಕೊಂಡರು. ಚರ್ಚಿನ ಮದುವೆ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತ್ತು: ಹ್ಯಾನಾ, ಬಡಗಿ ಐಸಾಕನ ಮಗಳು. "ನಿಮ್ಮ ತಂದೆಗೆ ನನ್ನ ಥ್ಯಾಂಕ್ಸ್ ತಿಳಿಸಿ" ಎಂದರು. ಅಪ್ಪ ತೀರಿಕೊಂಡಿದ್ದಾರೆ ಎನ್ನದೆ ಆಗಲಿ ಎಂದು ತಲೆಯಾಡಿಸಿದೆ.

ಮೊನ್ನೆ ಕ್ಲಿನಿಕ್ಕಿನಲ್ಲಿ ನರ್ಸ್ ತಡವರಿಸುತ್ತಾ "ನಂಜುಂಡಪ್ಪ" ಎಂದು ಕೂಗಿದಳು. ನಾನು ತಿದ್ದಲಿಲ್ಲ. ಅಪ್ಪನನ್ನು ಕರೆದಲ್ಲಿಗೆ ಮಗಳು ಬಂದಂತೆ ಎದ್ದು ಹೋದೆ.