ಅಂದು ಮಾಡದ ಮೂರನೆಯ ತೂಕ

ವೈನಿ, ಅವ್ವನ ಚಿನ್ನದ ಗುಂಡಿನ ಸರದಲ್ಲಿ ನಕಲಿ ಗುಂಡು ಸೇರಿಸಿದವಳು ನಾನು. ನೀವಲ್ಲ — ನೀವಲ್ಲವೆಂದು ಅಂದು ಆ ಕೋಣೆಯಲ್ಲಿ ಬಲ್ಲವಳು, ನಿಮ್ಮನ್ನು ಬಿಟ್ಟರೆ, ನಾನೊಬ್ಬಳೇ.

ಗೆಳತಿಯ ಮದುವೆಗೆಂದು ನಿಮ್ಮ ಕಪಾಟಿನಿಂದ ಹೇಳದೆ ಕೇಳದೆ ಸರ ತೆಗೆದು ಹಾಕಿಕೊಂಡು ಹೋಗಿದ್ದೆ. ಬಾಂದ್ರಾದಲ್ಲಿ ಲೋಕಲ್ ರೈಲು ಇಳಿಯುವ ನೂಕಾಟಕ್ಕೆ ದಾರ ಹರಿಯಿತು. ಎಂಟು ಗುಂಡು ಸೆರಗಿನಲ್ಲಿ ಸಿಕ್ಕವು. ಒಂಬತ್ತನೆಯದು ಹಳಿಗೆ ಬಿತ್ತು. ಅಂಥದೇ ಒಂದನ್ನು ಮಾರ್ಕೆಟ್ಟಿನಲ್ಲಿ ಹುಡುಕಿ, ಪೋಣಿಸಿ, ಇದ್ದಲ್ಲೇ ಇಟ್ಟೆ. ಅವ್ವನ ಕಣ್ಣು ಮಂಜಾಗಿತ್ತು — ಯಾರಿಗೆ ತಿಳಿದೀತು ಎಂದುಕೊಂಡೆ.

ಅವ್ವನಿಗೇ ತಿಳಿಯಿತು. ಹಬ್ಬದ ದಿನ ನೀವು ಸರ ಕೈಗಿತ್ತಾಗ ಒಂದೊಂದೇ ಗುಂಡನ್ನು ಬೆರಳಲ್ಲಿ ಹೊರಳಿಸಿ ಹೇಳಿದಳು: "ಇದರಾಗ ಒಂದು ನಂದಲ್ಲ."

ಅಣ್ಣ ನಂಬಲಿಲ್ಲ. ನನ್ನತ್ತ ತಿರುಗಿ, "ನೀ ಗಣಿತದ ಟೀಚರ್ ಅದೀಯಲ್ಲ, ತೂಗಿ ತೋರಿಸು," ಎಂದ. ಟ್ಯೂಷನ್ ಮಕ್ಕಳಿಗೆಂದು ತಂದ ನನ್ನ ಪುಟ್ಟ ತಕ್ಕಡಿ ಅಲ್ಲೇ ಇತ್ತು. ಒಲ್ಲೆ ಎಂದರೆ — ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ. ದಾರ ಬಿಚ್ಚಿದೆ. ಒಂಬತ್ತರಲ್ಲಿ ಹಗುರಾದ ಒಂದನ್ನು ಹಿಡಿಯಲು ಎರಡೇ ತೂಕ ಸಾಕು. ಮೂರಕ್ಕೆ ಮೂರು ತೂಗಿದೆ, ಸಮ. ಹಾಗಾದರೆ ಕಳ್ಳ ಇರುವುದು ಉಳಿದ ಮೂರರಲ್ಲಿ. ಅವುಗಳಲ್ಲಿ ಒಂದಕ್ಕೆ ಒಂದು — ಅದೂ ಸಮ. ತಕ್ಕಡಿಗೇ ಹಾಕದ ಗುಂಡನ್ನು ಎತ್ತಿ ಹಿಡಿದು, "ಇದ! ಮೂರನೇ ತೂಕ ಬೇಕಾಗಿಲ್ಲ," ಎಂದೆ. ನಾಚಿಕೆಗೇಡು — ಆ ಗಳಿಗೆಯಲ್ಲೂ ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಅವ್ವ ನಿಮ್ಮತ್ತ ಮುಖ ತಿರುಗಿಸಿದಳು. "ಸರ ನಿನ್ನ ಕೈಯಾಗಿತ್ತು."

"ನಿಮ್ಮಾಣಿ, ನಾ ಅಲ್ರಿ ಅತ್ತಿ," ಎಂದಿರಿ. ನನ್ನತ್ತಲೂ ನೋಡಿದಿರಿ. ನಾನು ತಕ್ಕಡಿಯ ತಟ್ಟೆ ಒರೆಸುತ್ತ ಕುಳಿತೆ.

ಆಮೇಲೆ ಸಾಯುವತನಕ ಅವ್ವ ನಿಮ್ಮ ಕೈಯ ನೀರು ಕುಡಿಯಲಿಲ್ಲ. ಕೊನೆಯ ಗುಟುಕನ್ನೂ ನಾನೇ ಹಾಕಿದೆ. ಸರವನ್ನು ನನಗೇ ಕೊಟ್ಟು ಹೋದಳು.

ಹೋದ ವಾರ, ವಿಲೆ ಪಾರ್ಲೆಯ ಈ ಮನೆಯಲ್ಲಿ, ಮಟಮಟ ಮಧ್ಯಾಹ್ನ — ಯಾಕೆಂದು ಕೇಳಬೇಡಿ — ಅದೇ ತಕ್ಕಡಿ ತೆಗೆದೆ. ಫ್ಯಾನ್ ಆರಿಸಿದೆ. ನಕಲಿಯನ್ನು ಬಟ್ಟೆಯ ತುಂಡಿನಲ್ಲಿ ಬೇರೆಯೇ ಕಟ್ಟಿಟ್ಟಿದ್ದೆ, ಬಿಚ್ಚಿದೆ. ಅಂದು ಮಾಡದ ಮೂರನೆಯ ತೂಕ ಮಾಡಿದೆ: ಅದು ಒಂದು ತಟ್ಟೆಗೆ, ಅಸಲಿ ಇನ್ನೊಂದಕ್ಕೆ.

ತಕ್ಕಡಿ ಅಲುಗಲಿಲ್ಲ.

ತಟ್ಟೆ ಅದಲುಬದಲು ಮಾಡಿದೆ. ಒಂದೊಂದಾಗಿ ಎಂಟರ ಜೊತೆಗೂ ತೂಗಿದೆ. ಎಲ್ಲವೂ ಸಮ. ತಕ್ಕಡಿಯೇ ಕೆಟ್ಟಿರಬೇಕೆಂದು ಒಂದು ಕಡಲೆಕಾಳು ಹಾಕಿದೆ, ಥಟ್ಟನೆ ವಾಲಿತು. ಗುಂಡುಗಳನ್ನು ಮುಟ್ಟಿದರೆ ಬೆಚ್ಚಗಿದ್ದವು — ಯಾರೋ ಈಗಷ್ಟೇ ಬೆರಳಲ್ಲಿ ಹೊರಳಿಸಿ ಇಟ್ಟಂತೆ. ಭಯವಾಯಿತು, ವೈನಿ. ಈಗಲೂ ಆಗುತ್ತಿದೆ.

ನಕಲಿ ಅಸಲಿಯಾಯಿತೋ, ಒಂಬತ್ತೂ ನಕಲಿಯಾದವೋ — ನನಗೆ ತಿಳಿಯದು. ಇಷ್ಟು ಮಾತ್ರ ತಿಳಿಯಿತು: ಇನ್ನು ಯಾವ ತಕ್ಕಡಿಯೂ ನನ್ನನ್ನು ಹಿಡಿದುಕೊಡುವುದಿಲ್ಲ. ನಾನೇ ಬಾಯಿ ಬಿಡಬೇಕು.

ನಾಳೆ ಗೋರೆಗಾಂವ್‌ಗೆ ಬರುತ್ತೇನೆ. ಅಣ್ಣನೂ ಮನೆಯಲ್ಲಿರಲಿ, ಅವನೆದುರೇ ಹೇಳುತ್ತೇನೆ. ಬಾಗಿಲಿಗೆ ಬಂದೊಡನೆ ಎಂದಿನಂತೆ ನೀರು ತರಬೇಡಿ, ವೈನಿ. ಹೇಳಿ ಮುಗಿಸಿದ ಮೇಲೂ ಕೊಡಬೇಕೆನಿಸಿದರೆ — ಆಗ ನೋಡೋಣ.