ಮಾಯವ್ವನ ಸಂಜೆ ಹಾಲು

ಕೊರೊನಾ ಮುಗಿದು ಜನ ಮಾಸ್ಕನ್ನು ಮರೆತಿದ್ದ ವರ್ಷ. ನಾನು ಆಗ ಕೊಲ್ಹಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ವಿಭಾಗವೆಂದರೆ ಕಿಟಕಿ ಪಕ್ಕದ ಎರಡು ಮೇಜು ಮತ್ತು ನಾನು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಹುಡುಕಿದ್ದಕ್ಕೂ ಸಂಬಳ ಕೊಡುತ್ತಾರೆಂದು ತಿಳಿದ ದಿನ ನಾಂದಣಿಯ ನಮ್ಮತ್ತೆ ಬಹಳ ಹೊತ್ತು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಅಷ್ಟು ವರ್ಷ ಅದನ್ನು ಪುಕ್ಕಟೆ ಮಾಡಿದ ಬೇಸರವಿರಬೇಕು.

ಆ ವರ್ಷ ನಮ್ಮ ಕೈಲಿದ್ದದ್ದು ಹಳ್ಳಿಯ ಹಾಲಿನ ಡೇರಿಗಳ ಕೆಲಸ. ಹಾಲಿನ ಫ್ಯಾಟ್, ಅಂದರೆ ನೂರು ಭಾಗದಲ್ಲಿ ಕೊಬ್ಬು ಎಷ್ಟೆಂದು ಅಳೆಯುವ ಯಂತ್ರವನ್ನು ಇಚಲಕರಂಜಿಯ ಶೀತಲ ಮಾಡಿದ್ದ. ಮೊದಲು ಮಗ್ಗಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ಮಾಡುತ್ತಿದ್ದವನು ಅವನು. ಯಂತ್ರದೊಳಗಿನ ಪ್ರೋಗ್ರಾಮು ಸಿ ಭಾಷೆಯದು. ಯಂತ್ರ ಕಳಿಸಿದ ಅಂಕಿಯನ್ನು ಓದುವ ಸರ್ವರ್ ನಮ್ಮ ಆಫೀಸಿನ ಪ್ರಸಾದನದು, ಜಾವಾ ಭಾಷೆ. ಅದನ್ನು ರೈತರ ಮೊಬೈಲಿನಲ್ಲಿ ತೋರಿಸುವ ಆ್ಯಪ್ ಇದ್ದದ್ದು ಜಾವಾಸ್ಕ್ರಿಪ್ಟಿನಲ್ಲಿ.

ಮೂರಕ್ಕೂ ಯೂನಿಟ್ ಟೆಸ್ಟ್‌ಗಳಿದ್ದವು. ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಬಿಡಿಯಾಗಿ ಹಿಡಿದು, ಇದನ್ನು ಕೊಟ್ಟರೆ ಅದು ಬರುತ್ತದೆಯೇ ಎಂದು ಕೇಳುವ ಪುಟ್ಟ ಪ್ರೋಗ್ರಾಮಿಗೆ ಯೂನಿಟ್ ಟೆಸ್ಟ್ ಎನ್ನುತ್ತಾರೆ. ಅವನ್ನು ಬರೆದು ಓಡಿಸಲು ಒಂದೊಂದು ಭಾಷೆಗೆ ಒಂದೊಂದು ಚೌಕಟ್ಟು. ಶೀತಲ ಬಳಸಿದ್ದು ಯೂನಿಟಿ, ಪ್ರಸಾದನದು ಜೆಯುನಿಟ್, ಆ್ಯಪಿಗೆ ಜೆಸ್ಟ್. ಉತ್ತರ ಸರಿ ಬಂದರೆ ಹಸಿರು, ತಪ್ಪಿದರೆ ಕೆಂಪು. ನಮ್ಮಲ್ಲಿ ಮೂರೂ ಕಡೆ ಹಸಿರೋ ಹಸಿರು.

ಇನ್ನೊಂದು ಸಂಗತಿ ಹೇಳಬೇಕು. ನಡುವೆ ಯಾರೂ ಕೈಯಾಡಿಸಬಾರದೆಂದು ಯಂತ್ರಕ್ಕೆ ಪರದೆಯನ್ನೇ ಇಟ್ಟಿರಲಿಲ್ಲ. ಅಂಕಿ ನೇರ ಸರ್ವರಿಗೆ ಹೋಗಿ, ಅಲ್ಲಿಂದ ಡೇರಿಯ ಟಿವಿಗೂ ರೈತರ ಮೊಬೈಲಿಗೂ ಬರುತ್ತಿತ್ತು. ಹಿಂದೆ ಅಳೆಯುವವರು ಬೇಕಾದವರಿಗೆ ಹೆಚ್ಚು, ಬೇಡದವರಿಗೆ ಕಡಿಮೆ ಬರೆಯುತ್ತಾರೆಂದು ಜಗಳಗಳಾಗಿದ್ದವು. ಅದಕ್ಕೇ ಮಶಿನ್ ಹೇಳಿದ್ದೇ ಕಡೆಯ ಮಾತು ಎಂದು ಊರೂರು ಠರಾವು ಮಾಡಿಕೊಂಡಿದ್ದವು.

ಹೀಗಿರುವಾಗ ಗಡಹಿಂಗ್ಲಜ ತಾಲೂಕಿನ ಒಂದು ಗಡಿ ಊರಿನಿಂದ ಡೇರಿಯ ಸೆಕ್ರೆಟರಿ ಅಪ್ಪಾಸಾಹೇಬರು ಫೋನ್ ಮಾಡಿದರು. ದೂರು ಹೇಳಲಿಕ್ಕಲ್ಲ, ಹೊಗಳಲಿಕ್ಕೆ.

"ಬಾಯಾರ, ನಿಮ್ಮ ಮಶಿನ್ ಭಾಳ ಹುಷಾರ್ ಐತ್ರಿ. ಕೆನಿ ಕಳ್ಳಿನ್ನ ಹಿಡದ ಬಿಡ್ತು."

ಮಾಯವ್ವ ಎಂಬುವವರು ತರುವ ಹಾಲಿನ ಫ್ಯಾಟ್ ಬೆಳಿಗ್ಗೆ 9.6, ಸಂಜೆ 0.3. ಮರುದಿನ ಬೆಳಿಗ್ಗೆ 9.7, ಸಂಜೆ 0.2. ಒಂದು ವಾರದಿಂದ ಹೀಗೇ. ಸಂಜೆಯ ಹಾಲಿನ ಕೆನೆ ತೆಗೆದು ಬೆಣ್ಣೆ ಮಾಡಿಕೊಂಡು ಉಳಿದದ್ದನ್ನು ಡೇರಿಗೆ ಸುರಿಯುತ್ತಾಳೆ ಎಂದು ಊರೇ ತೀರ್ಮಾನಿಸಿತ್ತು. ಸೋಮವಾರ ಕಮಿಟಿ ಕೂತು ಆಕೆಯ ಹಾಲನ್ನು ಕಾಯಮ್ಮಾಗಿ ಬಂದ್ ಮಾಡುವುದಿತ್ತು.

ನನ್ನ ವೃತ್ತಿಯಲ್ಲಿ ಹೊಗಳಿಕೆ ಬಂದರೆ ಹೆದರಬೇಕು. ಕೈಯಿಂದ ಎಷ್ಟೇ ಕೆನೆ ತೆಗೆದರೂ ಹಾಲಿನಲ್ಲಿ ಅಷ್ಟಿಷ್ಟು ಉಳಿದೇ ಉಳಿಯುತ್ತದೆ. 0.2ಕ್ಕೆ ಇಳಿಯಬೇಕಾದರೆ ಕೆನೆ ತೆಗೆಯುವ ಯಂತ್ರವೇ ಬೇಕು, ಒಂದು ಎಮ್ಮೆಯ ಮನೆಯಲ್ಲಿ ಅದೆಲ್ಲಿಂದ ಬರಬೇಕು? ಮರುದಿನವೇ ನಿಪ್ಪಾಣಿ, ಸಂಕೇಶ್ವರದ ಮೇಲೆ ಬಸ್ಸು ಹಿಡಿದು ಹೋದೆ.

ಡೇರಿಯ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮರಾಠಿ ಅಕ್ಷರ: ಮಾಯವ್ವನ ಹೆಸರು, ಕೆಳಗೆ ಎರಡು ಗೀಟು. ಕೆನೆ ಕದ್ದವರು ಯಾರೆಂದು ಊರಿಗೆಲ್ಲ ಕಾಣಲೆಂದು ಅಪ್ಪಾಸಾಹೇಬರೇ ಬರೆದದ್ದು. ಮನೆ ಅಲ್ಲಿಂದ ಕೂಗಳತೆ. ಗಂಡ ಕುರಿ ಹಿಂಡಿನ ಸಂಗಡ ದೂರ ಹೋಗಿದ್ದರು. ಮಾಯವ್ವ ನನಗಿಂತ ಹಿರಿಯರು, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

"ಮಶಿನ್ ಸುಳ್ಳ ಹೇಳಾಂಗಿಲ್ಲ ಅಂತಾರ. ಹಂಗಾರ ನಾ ಹೇಳಾಕತ್ತೇನೇನ್ರಿ? ಯಾರ ಮನ್ಯಾಗ ಬಾಸುಂದಿ ಆದ್ರೂ ನನ್ನ ಎಮ್ಮಿ ಹಾಲ ಬೇಕಂತ ಬರತಿದ್ರು. ಈಗ ಬಾಗಲ ಮುಂದ ಹಾದ ಹೊಕ್ಕಾರ, ಮಾರಿ ಎತ್ತಿ ನೋಡಾಂಗಿಲ್ಲ."

ಸಿಟ್ಟಿದ್ದರೂ ಚಹಾ ಕೊಡದೆ ಬಿಡಲಿಲ್ಲ. ಕಪ್ಪಿನಿಂದ ಬಶಿಗೆ ಸುರಿದೆ. ಮೇಲೆ ಜಿಡ್ಡಿನ ಹನಿಗಳು ತೇಲುತ್ತಿದ್ದವು.

"ಇದು ಯಾವ ಹೊತ್ತಿನ ಹಾಲ್ರಿ?" ಎಂದೆ.

"ನಿನ್ನಿ ಸಂಜೀದು. ಡೇರ್ಯಾಗ ಅಳದು ಹೊಳ್ಳಿ ಕಳಿಸಿದ್ರಲ್ಲ, ಅದ."

ಬಶಿಯಲ್ಲೇ ಸಾಕ್ಷಿ ಸಿಕ್ಕಿತು. ಆದರೆ ತಪ್ಪು ಎಲ್ಲಿದೆಯೆಂದು ಗೊತ್ತಾಗದೆ ಸಾಕ್ಷಿ ಇಟ್ಟುಕೊಂಡು ಏನು ಮಾಡುವುದು? ಸಂಜೆ ಹಾಲು ಹಿಂಡುವಾಗ ಪಕ್ಕದಲ್ಲಿ ಕೂತೆ. ಎಮ್ಮೆಯ ಹಾಲು ಬತ್ತುವ ಕಾಲ ಬಂದಿತ್ತು, ಕರುವೂ ದೊಡ್ಡದಾಗಿತ್ತು. ಮಾಯವ್ವ ಅದನ್ನು ಬಿಚ್ಚಿ, ಅದು ಕುಡಿದು ತಾನೇ ಬಾಯಿ ತೆಗೆಯುವವರೆಗೂ ಕಾದರು. ಉಳಿದದ್ದನ್ನಷ್ಟೇ ಹಿಂಡಿದರು. ನಾನೂ ಎಮ್ಮೆ ಇದ್ದ ಮನೆಯಲ್ಲೇ ಬೆಳೆದವಳು. ಮೊದಲ ಹಾಲು ತೆಳು, ಕಡೆಯ ಹಾಲು ಗಟ್ಟಿ. ಬೆಳಗಿನದಕ್ಕಿಂತ ಸಂಜೆಯದು ಗಟ್ಟಿ. ಬತ್ತುವ ಎಮ್ಮೆಯದು ಇನ್ನೂ ಗಟ್ಟಿ. ಬೆಳಿಗ್ಗೆಯೇ 9.7 ಇದ್ದರೆ ಸಂಜೆ ಎಷ್ಟಿರಬೇಕು?

ಆ ಹಾಲನ್ನೇ ಡೇರಿಗೆ ಒಯ್ದು, ಯಂತ್ರದ ವೈರನ್ನು ನನ್ನ ಲ್ಯಾಪ್‌ಟಾಪಿಗೂ ಜೋಡಿಸಿದೆ. ಟಿವಿ 0.3 ಎಂದಿತು. ವೈರಿನಲ್ಲಿ ಬಂದದ್ದು 10.3.

ಶೀತಲ, ಪ್ರಸಾದ ಇಬ್ಬರಿಗೂ ಫೋನ್ ಹಚ್ಚಿದೆ. "ಅಕ್ಕಾ, ನಾ ಹದಿನೈದರ ತನಕ ಟೆಸ್ಟ್ ಬರದೇನಿ, ಎಲ್ಲಾ ಹಸರ," ಎಂದ ಶೀತಲ. "ಮಾಝಂ ಪಣ ಗ್ರೀನ್ ಆಹೆ," ತನ್ನದೂ ಹಸಿರೇ ಎಂದ ಪ್ರಸಾದ. ಹೆತ್ತವರಿಗೆ ಹೆಗ್ಗಣ ಮುದ್ದು. ತಮಾಷೆಯೆಂದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಪ್ರಸಾದನ ಪ್ರೋಗ್ರಾಮು ಫ್ಯಾಟಿಗೆಂದು ಮೂರೇ ಅಕ್ಷರ ಓದುತ್ತಿತ್ತು, ಅದೂ ಬಲಗಡೆಯಿಂದ. 9.7 ಎಂದರೆ ಚುಕ್ಕೆ ಸೇರಿ ಮೂರು. 10.3 ಎಂದರೆ ನಾಲ್ಕು, ಮುಂದಿನ ಒಂದು ಬಿದ್ದು ಹೋಗುತ್ತಿತ್ತು. ಟೆಸ್ಟಿಗೆ ಬೇಕಾದ ಅಂಕಿಗಳನ್ನು ಅವನು ಯಂತ್ರದಿಂದ ಪಡೆಯದೆ ತಾನೇ ಟೈಪು ಮಾಡಿಕೊಂಡಿದ್ದ. ನಿಜವಾದ ಯಂತ್ರದ ಜಾಗದಲ್ಲಿ ನಿಲ್ಲಿಸುವ ಇಂಥ ಬದಲಿ ಯಂತ್ರಕ್ಕೆ ನಮ್ಮಲ್ಲಿ ಮಾಕ್ ಎನ್ನುತ್ತಾರೆ. ಅವನ ಬದಲಿ ಯಂತ್ರಕ್ಕೆ ಹತ್ತು ದಾಟುವ ಎಮ್ಮೆಯ ಪರಿಚಯವೇ ಇರಲಿಲ್ಲ. ಹುಡುಗನನ್ನು ಬೇರೆ, ಹುಡುಗಿಯನ್ನು ಬೇರೆ ವಿಚಾರಿಸಿ, ಇಬ್ಬರನ್ನೂ ಎದುರು ಕೂರಿಸದೆ ಲಗ್ನ ಮಾಡಿದಂತಾಗಿತ್ತು ನಮ್ಮ ಕೆಲಸ.

ಮರುದಿನ ಆಫೀಸಿನಲ್ಲಿ ಮೊದಲು ಹೊಸ ಟೆಸ್ಟ್ ಬರೆದೆ. ಶೀತಲನ ಯಂತ್ರ ಕಳಿಸಿದ ಸಾಲನ್ನೇ ಪ್ರಸಾದನ ಪ್ರೋಗ್ರಾಮಿಗೆ ಕೊಟ್ಟು, 10.3 ಬರಬೇಕು ಎಂದು ಕೇಳುವ ಟೆಸ್ಟ್. ಅದಕ್ಕೆ ಮಾಯವ್ವ ಎಂದೇ ಹೆಸರಿಟ್ಟೆ. ಓಡಿಸಿದಾಗ ಕೆಂಪು ಬಂತು. ಆ ಕೆಂಪು ನೋಡಿ ನನಗಾದಷ್ಟು ಸಂತೋಷ ಯಾವ ಹಸಿರಿನಿಂದಲೂ ಆಗಿರಲಿಲ್ಲ. ಆಮೇಲೆ ಪ್ರಸಾದ ತಪ್ಪು ತಿದ್ದಿದ, ಹಸಿರಾಯಿತು.

ಸೋಮವಾರದ ಮೊದಲೇ ಊರಿಗೆ ಹೋಗಿ ಎಲ್ಲ ವಿವರಿಸಿದೆ. ಅಪ್ಪಾಸಾಹೇಬರ ಮುಖ ಸಣ್ಣದಾಯಿತು. "ಎಲ್ಲಾರ ಮೊಬೈಲಿಗೂ ಮೆಸೇಜ್ ಬಿಡ್ತೇವ್ರಿ, ತಾಂತ್ರಿಕ ದುರುಸ್ತಿ ಆಗೇತಿ ಅಂತ," ಎಂದರು.

ಮಾಯವ್ವ ಒಪ್ಪಲಿಲ್ಲ. "ಹೆಸರ ಬರದಿದ್ದು ಮಂದಿ ಮುಂದ. ಅಳಸೂದೂ ಮಂದಿ ಮುಂದ ಆಗ್ಲಿ. ಬರದ ಕೈಲೇ ಅಳಸ್ರಿ."

ಹಾಗೇ ಆಯಿತು. ಅಂದು ಸಂಜೆ ಹಾಲು ಹಾಕುವವರ ಸಾಲು ರಸ್ತೆಯವರೆಗೆ ಇತ್ತು. ಮಾಯವ್ವನ ಕ್ಯಾನು ಬಂತು, ಟಿವಿಯಲ್ಲಿ 10.4 ಎಂದು ಮೂಡಿತು. ಅಪ್ಪಾಸಾಹೇಬರು ಒದ್ದೆ ಬಟ್ಟೆ ತಂದು ಹಲಗೆ ಒರೆಸಿ, "ತಪ್ಪಾತವ್ವ" ಎಂದರು. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು.

ಹಸಿರು ಎಂದರೆ ನಾವು ಕೇಳಿದ್ದಕ್ಕೆ ಸರಿಯಾದ ಉತ್ತರ ಬಂತು ಎಂದಷ್ಟೇ ಅರ್ಥ. ಕೇಳದೆ ಬಿಟ್ಟ ಪ್ರಶ್ನೆ ಯಾರದೋ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಯಾವ ಭಾಷೆ, ಯಾವ ಚೌಕಟ್ಟಾದರೂ ಇದು ತಪ್ಪಿದ್ದಲ್ಲ. ಅಂದಿನಿಂದ ಎಲ್ಲ ಹಸಿರು ಕಂಡಾಗ ನಾನು ಯಾರನ್ನು ಕೇಳಲಿಲ್ಲ ಎಂದು ಯೋಚಿಸುತ್ತೇನೆ.

ಅಂದು ಹಲಗೆ ಒರೆಸಿದ ಮೇಲೆ ಸಾಲು ಮತ್ತೆ ಮುಂದೆ ಸರಿಯಿತು. ಆಮೇಲೆ ಹಿಂದಿನಿಂದ ಒಬ್ಬ ಹೆಂಗಸು ಅಳುಕುತ್ತ ಕೇಳಿದಳು: "ಮಾಯಕ್ಕಾ, ಐತವಾರ ನಮ್ಮನ್ಯಾಗ ಬಾಸುಂದಿ ಮಾಡೂದೈತಿ. ಹಾಲ ಕೊಡ್ತೀಯೇನ?"

ಮಾಯವ್ವ ಖಾಲಿ ಕ್ಯಾನು ಎತ್ತಿಕೊಂಡರು.

"ಕರ ಕುಡದು ಉಳದ್ರ ಕೊಡ್ತೇನಿ."