ಭಾವನ ರೈಟು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ರಿಟೈರಾಗಿ ಎಂಟು ತಿಂಗಳಾದರೂ ಬಸ್ಸಿಂದ ಇಳಿದಿರಲಿಲ್ಲ. ಮನೆಗೆ ನಾಲ್ಕು ಜನ ಬಂದರೆ ಬಾಗಿಲಲ್ಲಿ ನಿಂತು "ಒಳಗೆ ಹೋಗಿ, ಮಧ್ಯದಲ್ಲಿ ಜಾಗ ಇದೆ" ಅನ್ನೋರು. ಕುಕ್ಕರ್ ಎರಡು ಸಲ ಕೂಗಿದರೆ ಪೇಪರಿನಿಂದ ತಲೆ ಎತ್ತದೆ "ರೈಟ್" ಅನ್ನೋರು. ಕಂಡಕ್ಟರ್ ಭಾಷೆಯಲ್ಲಿ ರೈಟ್ ಅಂದರೆ ಹೊರಡು, ಹೋಲ್ಡಾನ್ ಅಂದರೆ ನಿಲ್ಲಿಸು. ಕುಕ್ಕರ್ ಎಲ್ಲಿಗೆ ಹೊರಡಬೇಕೋ ಅವರಿಗೇ ಗೊತ್ತು.

ಅಕ್ಕನ ತಲೆ ಕೆಟ್ಟು ಹೋಗಿತ್ತು. ನನ್ನ ಟೈಲರಿಂಗ್ ಅಂಗಡಿಗೆ ಬಂದು ಬಟ್ಟೆ ರಾಶಿ ಮೇಲೆ ಕೂತು, "ಇವರಿಗೆ ಏನಾದ್ರೂ ಕೆಲಸ ಸಿಗದಿದ್ರೆ ನಾನೇ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ ಕಣೇ" ಅಂದಳು.

ಆಗ ಸಿಕ್ಕಿದ್ದು ಕಾಡಿನ ಗೈಡ್ ಕೆಲಸ. ಊರಾಚೆ ಒಂದು ಕಾಯ್ದಿಟ್ಟ ಕಾಡಿದೆ. ಒಳಗೆ ಒಂದೂ ದಾರಿಯಿಲ್ಲ, ದಾರಿ ಮಾಡೋ ಹಾಗೂ ಇಲ್ಲ. ಒಬ್ಬರ ಹಿಂದೆ ಒಬ್ಬರು ನಡೆದರೆ ಹುಲ್ಲು ಸತ್ತು ಕಾಲುದಾರಿ ಬೀಳುತ್ತೆ ಅಂತ ಎಲ್ಲರೂ ಹರಡಿಕೊಂಡೇ ನಡೀಬೇಕು. ಜನರನ್ನ ಸಾಲಲ್ಲಿ ಹತ್ತಿಸಿ ಇಳಿಸಿದ ಮನುಷ್ಯನಿಗೆ ಇಂಥ ಕಾಡೇ ಗಂಟುಬೀಳಬೇಕಾ.

ಪರೀಕ್ಷೆಗೆ ಅಂತ ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಬೀದಿಯ ಹನ್ನೊಂದು ಜನರನ್ನ ಎಳೆದುಕೊಂಡು ಹೋದರು. ಅದರಲ್ಲಿ ನಾನೂ ಇದ್ದೆ, ಅಕ್ಕನೂ ಇದ್ದಳು. ಗೇಟಿನ ಗಾರ್ಡಮ್ಮ ಹೇಳಿದಳು, "ಹನ್ನೆರಡು ಜನಾನೂ ಒಟ್ಟಿಗೇ ಇದ್ದು ಒಟ್ಟಿಗೇ ಬಂದ್ರೆ ಬ್ಯಾಡ್ಜ್ ನಿಮ್ದು. ಮಧ್ಯ ಗುಂಪು ಒಡೆದ್ರೆ ಇಲ್ಲ." ಆಮೇಲೆ ಪ್ರಾಣಿಗಳು ಹೆದರುತ್ತವೆ ಅಂತ ಭಾವನ ಕುತ್ತಿಗೆಯಿಂದ ಸೀಟಿ ತೆಗೆದು ಡ್ರಾಯರಿಗೆ ಹಾಕಿದಳು. ಭಾವನ ಮುಖ ಸಪ್ಪಗಾಯ್ತು.

ಮಂಜು ಎಷ್ಟಿತ್ತು ಅಂದರೆ ನನ್ನ ಬೂಟೇ ನನಗೆ ಕಾಣ್ತಿರಲಿಲ್ಲ. ಒಂದು ಗಂಟೆ ನಡೆದು, ನೀರು ಕುಡಿಯೋಕೆ ನಿಂತೆವು. ಮುಂದಿನಿಂದ ಭಾವ ಗಟ್ಟಿಯಾಗಿ "ರೈಟ್" ಅಂದರು.

ನಮ್ಮ ಜೊತೆ ಬಂದಿದ್ದ ಬೀದಿಯ ಹಲ್ಲಿನ ಡಾಕ್ಟರು ಬಲಕ್ಕೆ ತಿರುಗಿದರು. ಅವರ ಹಿಂದೆ ಎಲ್ಲರೂ ಬಲಕ್ಕೆ ತಿರುಗಿದರು. ಭಾವನನ್ನ ಇಷ್ಟು ವರ್ಷ ಕಂಡ ನಾನೂ ಕುರಿ ಥರ ಬಲಕ್ಕೇ ಹೋದೆ. ಸ್ವಲ್ಪ ಹೊತ್ತಿಗೆ ದೂರದಿಂದ ಭಾವನ ಗಾಬರಿ ದನಿ, "ಬನ್ನಿ, ಬನ್ನಿ, ರೈಟ್, ರೈಟ್." ನಾವು ಇನ್ನೊಂದು ಸಲ ಬಲಕ್ಕೆ ತಿರುಗಿದೆವು. ಇನ್ನೆರಡು ಸಲ ಹಾಗೇ ಕೂಗಿದ್ದರೆ ಮನೆಗೇ ಮುಟ್ಟುತ್ತಿದ್ದೆವೋ ಏನೋ.

ಆಗ ಕೇಳಿಸಿತು ಅಕ್ಕನ ಗಂಟಲು, ಕೆಳಗೆ ನಿಂತು ಮೂರನೇ ಮಹಡಿಯವರನ್ನ ಎಬ್ಬಿಸೋ ಗಂಟಲು. "ಹೋಲ್ಡಾನ್."

ಹತ್ತು ಜನವೂ ನಿಂತಲ್ಲೇ ನಿಂತೆವು. ಭಾವ, ಅಕ್ಕ ಇಬ್ಬರೂ ಮಂಜು ಸರಿಸಿಕೊಂಡು ಬಂದರು. ಭಾವ ಬೆರಳು ಮಡಚಿ ಮಡಚಿ ನಮ್ಮನ್ನ ಎರಡೆರಡು ಸಲ ಎಣಿಸಿದರು. ನಿಜ ಹೇಳ್ತೀನಿ, ನನಗೆ ಅಯ್ಯೋ ಅನ್ನಿಸಿತು.

"ನೀನೊಬ್ಬಳೇ ಹೇಗೆ ನನ್ನ ಹಿಂದೆ ಬಂದೆ?" ಅಂತ ಭಾವ ಅಕ್ಕನನ್ನ ಕೇಳಿದರು.

"ಮದುವೆಯಾದ ಹೊಸದರಲ್ಲಿ ಒಂದು ಸ್ಟಾಪಲ್ಲಿ ನಿಮ್ಮ ಬಸ್ಸಿಂದ ನೀರು ಕುಡಿಯೋಕೆ ಇಳಿದೆ. ನೀವು ರೈಟ್ ಅಂದ್ರಿ, ಬಸ್ ಹೋಯ್ತು. ಮೂರು ಗಂಟೆ ಒಬ್ಬಳೇ ಬಿಸಿಲಲ್ಲಿ ನಿಂತಿದ್ದೆ. ಅವತ್ತಿಂದ ನೀವು ರೈಟ್ ಅಂದ್ರೆ ನನ್ನ ಕಾಲು ತಾನೇ ಎದ್ದು ಬರುತ್ತೆ," ಅಂದಳು ಅಕ್ಕ.

ಮೂವತ್ತೆರಡು ವರ್ಷ ಅವಳು ಅದನ್ನ ಬಾಯಿ ಬಿಟ್ಟು ಹೇಳಿರಲಿಲ್ಲ. ಭಾವ ಅದನ್ನ ಮರೆತೇ ಬಿಟ್ಟಿದ್ದರು. ಗೇಟಿನವರೆಗೂ ಅಕ್ಕನ ಪಕ್ಕದಲ್ಲೇ ನಡೆದರು.

ಗಾರ್ಡಮ್ಮ ಹನ್ನೆರಡು ತಲೆ ಎಣಿಸಿ ಬ್ಯಾಡ್ಜ್ ತೆಗೆದಳು. ಸುಮ್ಮನಿದ್ದಿದ್ದರೆ ಕೆಲಸ ಮುಗೀತಿತ್ತು. ಆದರೆ ಭಾವ, "ಇಲ್ಲಮ್ಮ, ಹತ್ತು ಜನರನ್ನ ನಾನು ಬಿಟ್ಟು ಹೋದೆ. ನಿಲ್ಲಿಸಿದ್ದು ಇವಳು," ಅಂದುಬಿಟ್ಟರು.

ಗಾರ್ಡಮ್ಮ ಬ್ಯಾಡ್ಜನ್ನ ಅಕ್ಕನ ಸ್ವೆಟರಿಗೆ ಚುಚ್ಚಿದಳು. "ಯಜಮಾನರನ್ನ ಕರ್ಕೊಂಡು ಬರೋದು ಬಿಡೋದು ನಿಮ್ಮಿಷ್ಟ," ಅಂದಳು.

ಮುಂದಿನ ಭಾನುವಾರ ಅದೇ ಗೇಟು, ಅದೇ ಮಂಜು. ಭಾವ ಎಲ್ಲರ ಮುಂದೆ ನಿಂತು ಎಣಿಸಿ ಮುಗಿಸಿದರು, ಆದರೆ ರೈಟ್ ಅನ್ನಲಿಲ್ಲ. ತಿರುಗಿ ಅಕ್ಕನನ್ನ ನೋಡಿದರು. ಅಕ್ಕ ಬಾಟಲಿ ತೆಗೆದು ನೀರು ಕುಡಿದಳು, ಗುಟುಕು ಗುಟುಕಾಗಿ. ಮುಚ್ಚಳ ತಿರುಗಿಸಿದಳು. ಬಾಯಿ ಒರೆಸಿಕೊಂಡಳು. ಭಾವ ಕಾಯ್ತಾ ನಿಂತಿದ್ದರು.

"ಹೂಂ, ನಡೀರಿ," ಅಂದಳು ಅಕ್ಕ.